ಕೈಲ್ ಹೈನ್ಸ್ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಇತ್ತು. ಅಮೆರಿಕದ ಕಾಲೇಜಿನಲ್ಲಿ ಚೆನ್ನಾಗಿ ಆಡಿ, ಈಗ ಯುರೋಪಿನಲ್ಲಿ ಆಡುತ್ತಿರುವ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನ ಬಗ್ಗೆ. ಐದೇ ಸಾಲು. ಆ ಐದು ಸಾಲಿನಲ್ಲಿ ಎರಡು ಸಲ 'ಎನ್‌ಬಿಎ ತಲುಪಲು ವಿಫಲನಾದ' ಅಂತ ಬರೆದಿದ್ದಿರಿ. ಎನ್‌ಬಿಎ ಅಂದರೆ ಅಮೆರಿಕದ ಅತಿ ದೊಡ್ಡ ಬಾಸ್ಕೆಟ್‌ಬಾಲ್ ಲೀಗು. ಅವನು ಈಗ ಯಾವ ಊರಿನಲ್ಲಿ ಇದ್ದಾನೆ, ಯಾವ ಪೊಸಿಷನ್‌ನಲ್ಲಿ ಆಡುತ್ತಾನೆ, ಅವನ ತಂಡ ಈ ವರ್ಷ ಏನು ಮಾಡಿತು, ಒಂದೂ ಇರಲಿಲ್ಲ.

ನನ್ನ ತಮ್ಮನ ಮಗಳು ಆ ಸುದ್ದಿಯನ್ನು ಕತ್ತರಿಸಿಕೊಂಡು ನನ್ನ ಹತ್ತಿರ ಬಂದಳು. ಅವಳಿಗೆ 14 ವರ್ಷ. ದಿನಾ ಸಂಜೆ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಪೇಪರಿನಲ್ಲಿ ಅವಳ ಆಟದ ಬಗ್ಗೆ ಏನು ಬಂದರೂ ಒಂದು ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾಳೆ. ಅಂಟಿಸುವ ಮೊದಲು ಕೇಳಿದಳು, "ಅತ್ತೆ, ಯುರೋಪಲ್ಲಿ ಆಡಿದ್ರೆ ವಿಫಲನಾ?" ಅಂತ. ನನಗೆ ಅಲ್ಲೇ ಉತ್ತರ ಹೇಳಲು ಆಗಲಿಲ್ಲ, ಏಕೆಂದರೆ ಉತ್ತರ ಉದ್ದ ಇದೆ. ಅವಳಿಗೆ ಆ ರಾತ್ರಿ ಹೇಳಿದ್ದನ್ನೇ ಈಗ ನಿಮಗೂ ಬರೆಯುತ್ತಿದ್ದೇನೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೂ ಪರವಾಗಿಲ್ಲ, ಪೂರ್ತಿ ಓದಿ.

ನಾನು ಹೇಳಿದ್ದು ಕೈಲ್ ಹೈನ್ಸ್ ಕಥೆ. ಎನ್‌ಬಿಎಯಲ್ಲಿ ಒಂದೇ ಒಂದು ನಿಮಿಷ ಆಡದ ಆಟಗಾರ. ಹುಟ್ಟಿದ್ದು 1986ರಲ್ಲಿ, ಅಮೆರಿಕದ ನ್ಯೂಜೆರ್ಸಿ ಕಡೆಯವನು. ಏಕವಚನದಲ್ಲಿ ಬರೆಯುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ದ್ರಾವಿಡ್ ನಿಂತ, ಕುಂಬ್ಳೆ ವಿಕೆಟ್ ತೆಗೆದ ಅಂತ ನಾವು ಹೇಳುತ್ತೇವಲ್ಲ, ಅದೇ ಪ್ರೀತಿ ಇದೂ.

ಅವನ ಎತ್ತರ 198 ಸೆಂಟಿಮೀಟರ್. ಆರೂವರೆ ಅಡಿ. ನಮ್ಮ ಬೀದಿಯಲ್ಲಿ ನಡೆದು ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಆದರೆ ಅವನು ಆಡುತ್ತಿದ್ದದ್ದು ಸೆಂಟರ್ ಜಾಗದಲ್ಲಿ. ಸೆಂಟರ್ ಅಂದರೆ ರಿಂಗ್ ಕೆಳಗೆ ಕಂಬದ ಹಾಗೆ ನಿಲ್ಲುವವನು, ರಿಬೌಂಡ್, ಅಂದರೆ ರಿಂಗಿಗೆ ಬೀಳದೆ ಪುಟಿದು ಬಂದ ಚೆಂಡು, ಹಿಡಿಯುವವನು, ಎದುರು ತಂಡದ ಅತಿ ದೊಡ್ಡ ಆಳನ್ನು ತಡೆಯುವವನು. ದೊಡ್ಡ ಲೀಗುಗಳಲ್ಲಿ ಆ ಜಾಗದಲ್ಲಿ ಏಳಡಿಯವರು ಇರುತ್ತಾರೆ, ಅಂದರೆ 213 ಸೆಂಟಿಮೀಟರ್. ಮೈಕಲ್ ಜೋರ್ಡನ್ ಎತ್ತರವೂ 198 ಸೆಂಟಿಮೀಟರೇ. ಜೋರ್ಡನ್ ಹೊರಗಡೆಯಿಂದ ಆಡುವ ಗಾರ್ಡ್. ಅಷ್ಟೇ ಎತ್ತರದ ಒಬ್ಬ ಮನುಷ್ಯ ಒಳಗೆ ಹೋಗಿ ಏಳಡಿಯವರ ಜೊತೆ 16 ವರ್ಷ ಭುಜ ಕೊಟ್ಟು ನಿಂತ ಅಂದರೆ ನಿಮಗೆ ಕಲ್ಪನೆ ಬರುತ್ತದೆ ಅಂದುಕೊಂಡಿದ್ದೇನೆ.

ಜೋರ್ಡನ್ ಹೆಸರು ಬಂದಿದ್ದಕ್ಕೆ ಇನ್ನೊಂದು ಮಾತು. ಹೈನ್ಸ್ ಓದಿದ್ದು ಗ್ರೀನ್ಸ್‌ಬರೋದಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ. ಜೋರ್ಡನ್ ಓದಿದ ನಾರ್ತ್ ಕೆರೊಲಿನಾ ಬೇರೆ, ಅದು ಚಾಪೆಲ್ ಹಿಲ್ಲಿನದು. ಅದಕ್ಕೆ ಟಿವಿ, ದುಡ್ಡು, ಹೆಸರು ಎಲ್ಲಾ ಇದೆ. ಗ್ರೀನ್ಸ್‌ಬರೋ ಸಣ್ಣ ಕಾನ್ಫರೆನ್ಸಿನ, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಸಣ್ಣ ಗುಂಪಿನ, ಸಣ್ಣ ತಂಡ. ಅಲ್ಲಿ ನಾಲ್ಕು ವರ್ಷದಲ್ಲಿ ಹೈನ್ಸ್ 2000ಕ್ಕಿಂತ ಜಾಸ್ತಿ ಪಾಯಿಂಟ್, 1000ಕ್ಕಿಂತ ಜಾಸ್ತಿ ರಿಬೌಂಡ್, 300ಕ್ಕಿಂತ ಜಾಸ್ತಿ ಬ್ಲಾಕ್, ಅಂದರೆ ಎದುರಾಳಿಯ ಶಾಟ್ ಗಾಳಿಯಲ್ಲೇ ತಡೆಯುವುದು, ಮಾಡಿದ. ಈ ಮೂರನ್ನೂ ಒಟ್ಟಿಗೆ ಮಾಡಿದವರು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಬೆರಳೆಣಿಕೆಯಷ್ಟು ಜನ. ಆಮೇಲೆ ಎನ್‌ಬಿಎಯ ದೊಡ್ಡ ತಾರೆಗಳಾದ ಟಿಮ್ ಡಂಕನ್, ಡೇವಿಡ್ ರಾಬಿನ್‌ಸನ್ ಇರುವ ಪಟ್ಟಿ ಅದು. ಆಗಲೇ ಅದೇ ಕಾನ್ಫರೆನ್ಸಿನಲ್ಲಿ ಡೇವಿಡ್ಸನ್ ಎಂಬ ಇನ್ನೊಂದು ಸಣ್ಣ ಕಾಲೇಜಿಗೆ ಒಬ್ಬ ಸಣಕಲು ಹುಡುಗ ಆಡುತ್ತಿದ್ದ, ಸ್ಟೀಫನ್ ಕರಿ ಅಂತ. ಮುಂದೆ ಎನ್‌ಬಿಎಯ ದೊಡ್ಡ ತಾರೆಯಾದ ಅವನ ಕಥೆ ಎಲ್ಲರಿಗೂ ಗೊತ್ತು. ಅದೇ ಕೋರ್ಟುಗಳಲ್ಲಿ ಓಡಿದ ಇನ್ನೊಬ್ಬನ ಕಥೆ ನಮ್ಮ ಪೇಪರುಗಳಲ್ಲಿ ನಾನು ಇವತ್ತಿನವರೆಗೂ ನೋಡಿಲ್ಲ.

2008ರಲ್ಲಿ ಹೈನ್ಸ್ ಕಾಲೇಜು ಮುಗಿಸಿದ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಅವನ ಹೆಸರು ಯಾರೂ ಕೂಗಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಆ ಡ್ರಾಫ್ಟಿನಲ್ಲಿ ಇರುವುದು 60 ಜಾಗ. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಜನ, ಒಟ್ಟು 450 ಕೆಲಸ. ಆ ಕಡೆ ಕಾಲೇಜುಗಳ ಮೊದಲ ದರ್ಜೆಯಲ್ಲೇ 350 ತಂಡಗಳಿಗಿಂತ ಜಾಸ್ತಿ ಇವೆ. ತಂಡಕ್ಕೆ 13 ಹುಡುಗರು ಅಂದರೂ ನಾಲ್ಕೂವರೆ ಸಾವಿರ ದಾಟುತ್ತದೆ. ಇವರ ಜೊತೆ ಸ್ಪೇನ್, ಸರ್ಬಿಯಾ, ಫ್ರಾನ್ಸ್, ಆಸ್ಟ್ರೇಲಿಯಾ ಕಡೆಯಿಂದ ಬರುವವರು ಬೇರೆ. ಒಳಗೆ ಹೋದವರನ್ನು ಬಿಟ್ಟು ಉಳಿದವರನ್ನೆಲ್ಲಾ 'ವಿಫಲ' ಅಂದರೆ, ಐಎಎಸ್ ಆಗದ ಎಲ್ಲರೂ ದಂಡ ಅಂದ ಹಾಗಾಯಿತು. ನಮ್ಮ ಮನೆಗಳಲ್ಲಿ ಆ ಮಾತು ಎಷ್ಟು ಮಕ್ಕಳನ್ನು ಸುಟ್ಟಿದೆ ಅಂತ ನಿಮಗೂ ಗೊತ್ತು.

ಹೈನ್ಸ್ ಇಟಲಿಗೆ ಹೋದ. ಮೊದಲ ದರ್ಜೆಗಲ್ಲ, ಎರಡನೇ ದರ್ಜೆಗೆ. ವೆರೋಲಿ ಅಂತ ಊರು, ರೋಮ್ ನಗರದಿಂದ ಆ ಕಡೆ, ಬೆಟ್ಟದ ಮೇಲೆ. ನಮ್ಮ ಸಕಲೇಶಪುರದಂಥ ಊರು ಅಂದುಕೊಳ್ಳಿ. 22 ವರ್ಷದ ಹುಡುಗ, ಭಾಷೆ ಬರುವುದಿಲ್ಲ, ಊಟ ಬೇರೆ, ಮನೆಯವರು ಸಮುದ್ರದ ಆಚೆ. ಅಲ್ಲಿ ಎರಡು ವರ್ಷ ಆಡಿದ. ಆಮೇಲೆ 2010ರಲ್ಲಿ ಜರ್ಮನಿಯ ಬಾಂಬೆರ್ಗ್. ಅದೂ ದೊಡ್ಡ ನಗರವಲ್ಲ, ಆದರೆ ಊರಿಗೆ ಊರೇ ಬಾಸ್ಕೆಟ್‌ಬಾಲ್ ಹುಚ್ಚು. ಆ ವರ್ಷ ಬಾಂಬೆರ್ಗ್ ಜರ್ಮನ್ ಲೀಗನ್ನೂ ಗೆದ್ದಿತು, ಕಪ್ಪನ್ನೂ ಗೆದ್ದಿತು. ಅಲ್ಲೇ ಹೈನ್ಸ್ ಮೊದಲ ಸಲ ಯುರೋಲೀಗ್ ಆಡಿದ್ದು. ಯುರೋಲೀಗ್ ಅಂದರೆ ಎನ್‌ಬಿಎ ಬಿಟ್ಟರೆ ಜಗತ್ತಿನ ಅತಿ ಗಟ್ಟಿ ಕ್ಲಬ್ ಸ್ಪರ್ಧೆ. ಬೇರೆ ಬೇರೆ ದೇಶಗಳ ದೊಡ್ಡ ಕ್ಲಬ್‌ಗಳು ಅಲ್ಲಿ ಆಡುತ್ತವೆ. ಕೊನೆಗೆ ನಾಲ್ಕು ತಂಡ ಒಂದೇ ಊರಿಗೆ ಬಂದು ಫೈನಲ್ ಫೋರ್ ಆಡುತ್ತವೆ. ಸೆಮಿಫೈನಲ್ ಒಂದೇ ಪಂದ್ಯ, ಫೈನಲ್ ಒಂದೇ ಪಂದ್ಯ. ಎನ್‌ಬಿಎ ತರಹ ಏಳು ಪಂದ್ಯದ ಸರಣಿ ಇಲ್ಲ. ಒಂದು ಸಂಜೆ ಕೈಕೊಟ್ಟರೆ ವರ್ಷವೇ ಮುಗಿಯಿತು.

2011ರಲ್ಲಿ ಗ್ರೀಸ್ ದೇಶದ ಒಲಿಂಪಿಯಾಕೋಸ್ ಅವನನ್ನು ಕರೆಯಿತು. ಗ್ರೀಸ್ ಆಗ ಸಾಲದಲ್ಲಿ ಮುಳುಗಿತ್ತು, ಕ್ಲಬ್ ಖರ್ಚು ಕಡಿಮೆ ಮಾಡಿತ್ತು, ದೊಡ್ಡ ಆಟಗಾರರು ಬಿಟ್ಟು ಹೋಗಿದ್ದರು. ಮಿಲೋಶ್ ತಿಯೊಡೊಸಿಚ್ ಎಂಬ ಅದ್ಭುತ ಗಾರ್ಡ್ ಒಲಿಂಪಿಯಾಕೋಸ್ ಬಿಟ್ಟು ಮಾಸ್ಕೋದ ಸಿಎಸ್‌ಕೆಎ ಸೇರಿದ್ದ. ಉಳಿದದ್ದು ವಾಸಿಲಿಸ್ ಸ್ಪನೂಲಿಸ್ ಎಂಬ ಒಬ್ಬ ನಾಯಕ, ಅವನ ಸುತ್ತ ಎಳೆ ಹುಡುಗರು, ಜೊತೆಗೆ ಹೈನ್ಸ್ ತರಹ ಹೊರಗಿನಿಂದ ಬಂದ ಕೆಲವರು. ಕೋಚ್ ದೂಶಾನ್ ಇವ್ಕೋವಿಚ್, ಆಗಲೇ ವಯಸ್ಸಾದ ಹಿರಿಯರು. ಆ ತಂಡ 2012ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಫೈನಲ್ ಆಡಿತು, ಅದೇ ಸಿಎಸ್‌ಕೆಎ ವಿರುದ್ಧ.

ಆ ಪಂದ್ಯವನ್ನು ನಾನು ಯೂಟ್ಯೂಬಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಸಿಎಸ್‌ಕೆಎ ಕಡೆ ಆಂದ್ರೇ ಕಿರಿಲೆಂಕೊ, ತಿಯೊಡೊಸಿಚ್, ಏಳಡಿಯ ನೆನಾದ್ ಕ್ರಿಸ್ಟಿಚ್. ಮೂರನೇ ಕ್ವಾರ್ಟರಿನಲ್ಲಿ ಸ್ಕೋರ್ 53-34. ಒಲಿಂಪಿಯಾಕೋಸ್ ಹತ್ತೊಂಬತ್ತು ಪಾಯಿಂಟ್ ಹಿಂದೆ. ಯುರೋಪಿನ ಆಟದಲ್ಲಿ 40 ನಿಮಿಷ ಮಾತ್ರ ಇರುವುದು, ಸ್ಕೋರೂ ಕಡಿಮೆ. ಅಲ್ಲಿಂದ ಮೇಲೆ ಬರುವುದು ಅಂದರೆ ಬಾವಿಯ ತಳದಿಂದ ಹಗ್ಗ ಇಲ್ಲದೆ ಹತ್ತಿದ ಹಾಗೆ. ಹತ್ತಿದರು. ಒಂದೊಂದೇ ಪಾಯಿಂಟ್, ಒಂದೊಂದೇ ತಡೆ. ಕೊನೆಗೆ 61-60, ಸಿಎಸ್‌ಕೆಎ ಒಂದೇ ಪಾಯಿಂಟ್ ಮುಂದೆ, ಸುಮಾರು ಹತ್ತು ಸೆಕೆಂಡ್ ಬಾಕಿ, ಸಿಎಸ್‌ಕೆಎಯ ಅನುಭವಿ ಆಟಗಾರ ಶಿಷ್ಕೌಸ್ಕಾಸ್ ಕೈಯಲ್ಲಿ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ರಿಂಗಿಗೆ ಎಸೆಯುವ ಅವಕಾಶ. ಎರಡೂ ತಪ್ಪಿದವು. ಸ್ಪನೂಲಿಸ್ ಚೆಂಡು ತಂದ, ಇಬ್ಬರನ್ನು ತನ್ನ ಕಡೆ ಎಳೆದುಕೊಂಡ, ಪಕ್ಕಕ್ಕೆ ಕೊಟ್ಟ. ಯೋರ್ಗೋಸ್ ಪ್ರಿಂಟೆಜಿಸ್ ಒಂದೇ ಕೈಯಲ್ಲಿ ಚೆಂಡನ್ನು ತೇಲಿಸಿ ಬಿಟ್ಟ. ಒಳಗೆ ಬಿತ್ತು. ಗಡಿಯಾರದಲ್ಲಿ 0.7 ಸೆಕೆಂಡ್ ಉಳಿದಿತ್ತು. 62-61.

ಮುಂದಿನ ವರ್ಷ ಲಂಡನ್ನಿನಲ್ಲಿ ಮತ್ತೆ ಗೆದ್ದರು, ರಿಯಲ್ ಮ್ಯಾಡ್ರಿಡ್ ವಿರುದ್ಧ, 100-88. ವೆರೋಲಿಗೆ ಹೋಗಿ ಐದೇ ವರ್ಷ, ಹೈನ್ಸ್ ಕೈಯಲ್ಲಿ ಎರಡು ಯುರೋಲೀಗ್.

ಈಗ ನನ್ನ ಕಥೆ ಹೇಳುತ್ತೇನೆ. ನಾನು ತೊಂಬತ್ತರ ದಶಕದಲ್ಲಿ ಹಾಸನದಲ್ಲಿ ಕಾಲೇಜು ಓದಿದವಳು. ಐದಡಿ ಆರಿಂಚು. ನಮ್ಮ ಕಾಲೇಜು ತಂಡದಲ್ಲಿ ನನಗಿಂತ ಎತ್ತರದವರು ಯಾರೂ ಇರಲಿಲ್ಲ, ಹಾಗಾಗಿ ನಾನೇ ಸೆಂಟರ್. ಸಿಮೆಂಟ್ ಕೋರ್ಟು, ಒಂದು ರಿಂಗಿಗೆ ನೆಟ್ ಇಲ್ಲ, ಮಳೆ ಬಂದರೆ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು. ನಮ್ಮ ಪಿಟಿ ಮೇಷ್ಟ್ರು ನನಗೆ ಒಂದೇ ವಿದ್ಯೆ ಹೇಳಿಕೊಟ್ಟರು, ಬಾಕ್ಸ್ ಔಟ್. ಶಾಟ್ ಹೋದ ಕೂಡಲೇ ಚೆಂಡು ನೋಡಬೇಡ, ಮೊದಲು ನಿನ್ನ ಆಳನ್ನು ಹುಡುಕು. ಬೆನ್ನು ತಿರುಗಿಸು, ಮೊಣಕಾಲು ಬಗ್ಗಿಸು, ಸೊಂಟ ಅವಳ ತೊಡೆಗಿಂತ ಕೆಳಗೆ ಇರಲಿ, ಮೊಣಕೈ ಅಗಲಿಸು, ಅವಳು ಎಷ್ಟು ಎತ್ತರ ಇದ್ದರೂ ನೆಗೆಯಲು ಜಾಗ ಸಿಗಬಾರದು. ಆಮೇಲೆ ಚೆಂಡು. ಎರಡು ವರ್ಷ ದಿನಾ ಅದನ್ನೇ ಮಾಡಿದೆ. ನನಗಿಂತ ಒಂದು ಗೇಣು ಎತ್ತರದ ಹುಡುಗಿಯರ ಕೈಗೆ ರಿಬೌಂಡ್ ಹೋಗದ ಹಾಗೆ ನೋಡಿಕೊಂಡೆ.

ವಿಶ್ವವಿದ್ಯಾಲಯದ ತಂಡಕ್ಕೆ ಸೆಲೆಕ್ಷನ್ ಆಯಿತು. ಸಾಲಾಗಿ ನಿಲ್ಲಿಸಿದರು. ಆಯ್ಕೆ ಮಾಡುವವರು ಒಬ್ಬೊಬ್ಬರನ್ನೇ 'ಪೊಸಿಷನ್ ಏನು' ಅಂತ ಕೇಳುತ್ತಾ ಬಂದರು. ನಾನು ಸೆಂಟರ್ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಎತ್ತರಕ್ಕೆ ಸೆಂಟರಾ ಅಂದು ಮುಂದೆ ಹೋದರು. ನಾನು ಆಡಿದ್ದನ್ನು ಅವರು ನೋಡಲೇ ಇಲ್ಲ. ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಶೂಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದು ಈಗಲೂ ನೆನಪಿದೆ. ಆಮೇಲೆ ಆಡಲಿಲ್ಲ. ಹೋದ ವರ್ಷ ನನ್ನ ತಮ್ಮನ ಮಗಳಿಗೂ ಒಂದು ಸೆಲೆಕ್ಷನ್‌ನಲ್ಲಿ ಹೆಚ್ಚುಕಡಿಮೆ ಅದೇ ಮಾತು ಹೇಳಿ ಕಳಿಸಿದರು. ಸುಮಾರು ಮೂವತ್ತು ವರ್ಷ ಆಗಿದೆ ನಡುವೆ.

ಹಾಗಾಗಿ ಹೈನ್ಸ್ ಆಡುವುದನ್ನು ನಾನು ಮೊದಲ ಸಲ ನೋಡಿದಾಗ ಅವನ ಕಾಲುಗಳನ್ನೇ ನೋಡಿದೆ. ನೀವೂ ಒಂದು ಸಲ ನೋಡಿ. ಎಲ್ಲರೂ ಚೆಂಡಿನ ಹಿಂದೆ ಕಣ್ಣು ಇಟ್ಟಿರುತ್ತಾರೆ, ನೀವು ಐದು ನಿಮಿಷ ಬರೀ ಅವನ ಪಾದ ನೋಡಿ. ಏಳಡಿಯವನು ರಿಂಗ್ ಹತ್ತಿರ ಬರುವ ಮೊದಲೇ ಹೈನ್ಸ್ ಅವನ ಮುಂದೆ ಬಂದು ನಿಂತಿರುತ್ತಾನೆ. ಆ ದೊಡ್ಡ ಆಳಿಗೆ ಬೇಕಾದ ಜಾಗ ಸಿಗುವುದಿಲ್ಲ, ಎರಡು ಹೆಜ್ಜೆ ಹೊರಗೆ ಚೆಂಡು ಹಿಡಿಯಬೇಕಾಗುತ್ತದೆ. ಅಲ್ಲಿಂದ ತಿರುಗಿದರೆ ಎದೆಗೆ ಎದೆ. ಹೈನ್ಸ್ ನೆಗೆಯುವುದಿಲ್ಲ. ಸೊಂಟ ಕೆಳಗೆ ಇಟ್ಟು ನಿಲ್ಲುತ್ತಾನೆ. ಇನ್ನೊಂದು, ಅದು ಅವನ ನಿಜವಾದ ದೊಡ್ಡ ವಿದ್ಯೆ. ಎದುರು ತಂಡದ ಗಾರ್ಡ್ ಸ್ಕ್ರೀನ್, ಅಂದರೆ ದಾರಿಗೆ ಅಡ್ಡ ನಿಂತ ತನ್ನದೇ ತಂಡದವನನ್ನು, ಸುತ್ತಿಕೊಂಡು ಬಂದಾಗ ಸಾಮಾನ್ಯವಾಗಿ ಸೆಂಟರ್ ಹಿಂದೆ ಸರಿಯುತ್ತಾನೆ, ಏಕೆಂದರೆ ಆ ಚುರುಕು ಹುಡುಗನ ಜೊತೆ ಓಡಲು ಅವನಿಗೆ ಆಗುವುದಿಲ್ಲ. ಹೈನ್ಸ್ ಸರಿಯುವುದಿಲ್ಲ. ಸ್ವಿಚ್ ಮಾಡುತ್ತಾನೆ, ಅಂದರೆ ಆ ಗಾರ್ಡನ್ನೇ ತಾನು ಹಿಡಿಯುತ್ತಾನೆ. ಪಾದ ಜಾರಿಸುತ್ತಾ, ಜಾರಿಸುತ್ತಾ, ಒಂದು ಕಾಲಿನ ಮೇಲೆ ಇನ್ನೊಂದು ಬೀಳದ ಹಾಗೆ. ಗಾರ್ಡಿಗೆ ದಾರಿ ಸಿಗುವುದಿಲ್ಲ, ಗಡಿಯಾರ ಓಡುತ್ತಿರುತ್ತದೆ. ಇಂಥ ಒಂದು ತಡೆ ಮರುದಿನದ ಸ್ಕೋರ್ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಕೋಚುಗಳಿಗೆ ಕಾಣುತ್ತದೆ. 2016, 2018, 2022, ಮೂರು ಸಲ ಯುರೋಲೀಗಿನ ಅತ್ಯುತ್ತಮ ಡಿಫೆಂಡರ್ ಅಂತ ಆರಿಸಿದ್ದು ಅವನನ್ನೇ. ಕೊನೆಯ ಸಲ ಅವನಿಗೆ 35 ವರ್ಷ.

ಅಮೆರಿಕದಲ್ಲಿ ಇದು ಯಾರಿಗೂ ಕಾಣಲಿಲ್ವಾ ಅಂತ ನೀವು ಕೇಳಬಹುದು. 2008ರಲ್ಲಿ ಅಲ್ಲಿಯ ಆಟವೇ ಬೇರೆ ಇತ್ತು. ಸೆಂಟರ್ ಅಂದರೆ ಗಾತ್ರ. ಏಳು ವರ್ಷ ಕಳೆದು 2015ರಲ್ಲಿ ಗೋಲ್ಡನ್ ಸ್ಟೇಟ್ ತಂಡ ಡ್ರೇಮಂಡ್ ಗ್ರೀನ್ ಎಂಬವನನ್ನು ಸೆಂಟರ್ ಜಾಗದಲ್ಲಿ ನಿಲ್ಲಿಸಿ ಪ್ರಶಸ್ತಿ ಗೆದ್ದಿತು. ಅವನ ಎತ್ತರ ಎಷ್ಟು ಅಂತೀರಿ, 198 ಸೆಂಟಿಮೀಟರ್. ಆಗ ಎಲ್ಲರೂ ಹೊಸ ಕ್ರಾಂತಿ ಅಂದರು. ಯುರೋಪಿನಲ್ಲಿ ಹೈನ್ಸ್ ಅಷ್ಟು ಹೊತ್ತಿಗೆ ಅದೇ ಕೆಲಸ ಮಾಡಿ ಎರಡು ಕಪ್ ಎತ್ತಿದ್ದ.

2013ರಲ್ಲಿ ಅವನು ಸಿಎಸ್‌ಕೆಎ ಸೇರಿದ, ತಾನೇ ಸೋಲಿಸಿದ ತಂಡವನ್ನು. ಅಲ್ಲಿ ಏಳು ವರ್ಷ. ದುಡ್ಡಿನ ಕ್ಲಬ್, 2014ರಿಂದ 2019ರವರೆಗೆ ಪ್ರತಿ ವರ್ಷ ಫೈನಲ್ ಫೋರ್, ಮೊದಮೊದಲು ಎದೆ ಒಡೆಯುವ ಹಾಗೆ ಸೋಲು. 2014ರಲ್ಲಿ ಮಿಲಾನ್‌ನಲ್ಲಿ ಇಸ್ರೇಲಿನ ಮಕಾಬಿ ವಿರುದ್ಧ ಒಂದೇ ಪಾಯಿಂಟಿನಲ್ಲಿ. 2015ರಲ್ಲಿ ತನ್ನ ಹಳೆಯ ಒಲಿಂಪಿಯಾಕೋಸ್ ಕೈಯಲ್ಲಿ. 2016ರಲ್ಲಿ ಬರ್ಲಿನ್ ಫೈನಲ್‌ನಲ್ಲಿ ಟರ್ಕಿಯ ಫೆನರ್‌ಬಾಚೆ ವಿರುದ್ಧ ದೊಡ್ಡ ಮುನ್ನಡೆ ಕಳೆದುಕೊಂಡರು, ಕೊನೆಯ ಕ್ಷಣದಲ್ಲಿ ವಿಕ್ಟರ್ ಖ್ರಿಯಾಪಾ ಚೆಂಡನ್ನು ತಟ್ಟಿ ಒಳಗೆ ಹಾಕಿ ಸಮ ಮಾಡಿದ, ಓವರ್‌ಟೈಮಿನಲ್ಲಿ 101-96ಕ್ಕೆ ಗೆದ್ದರು. 2019ರಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ಇನ್ನೊಂದು ಯುರೋಲೀಗ್. ಒಟ್ಟು ನಾಲ್ಕು. ಆಮೇಲೆ 2020ರಲ್ಲಿ ಮಿಲಾನ್, ಮತ್ತೆ ಇಟಲಿ. ಈ ಸಲ ಬೆಟ್ಟದ ಮೇಲಿನ ಎರಡನೇ ದರ್ಜೆ ಅಲ್ಲ, ದೇಶದ ಅತಿ ದೊಡ್ಡ ಕ್ಲಬ್, ಎತ್ತೋರೆ ಮೆಸ್ಸಿನಾ ಕೋಚ್. 2022, 2023, 2024, ಮೂರು ವರ್ಷವೂ ಇಟಲಿಯ ಲೀಗ್ ಗೆದ್ದು 37ನೇ ವಯಸ್ಸಿನಲ್ಲಿ ಆಟ ನಿಲ್ಲಿಸಿದ. ನಿಲ್ಲಿಸುವಾಗ ಯುರೋಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ರಿಬೌಂಡ್ ಹಿಡಿದವನ ಹೆಸರು ಕೈಲ್ ಹೈನ್ಸ್. ಎಲ್ಲರಿಗಿಂತ ಗಿಡ್ಡ ಸೆಂಟರ್!

ಇದನ್ನು ಬರೆಯುವಾಗ ನನಗೆ ಸಿಮ್ ಭುಲ್ಲರ್ ನೆನಪಾಗುತ್ತಾನೆ. ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಹುಡುಗ, 226 ಸೆಂಟಿಮೀಟರ್. ನ್ಯೂ ಮೆಕ್ಸಿಕೊ ಸ್ಟೇಟ್ ಕಾಲೇಜಿಗೆ ಆಡಿದ, 2015ರ ಏಪ್ರಿಲಿನಲ್ಲಿ ಸ್ಯಾಕ್ರಮೆಂಟೊ ತಂಡಕ್ಕೆ ಇಳಿದಾಗ ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದವನು ಅಂತ ನಮ್ಮ ಪೇಪರುಗಳಲ್ಲೂ ಫೋಟೊ ಬಂತು. ಅವನು ಅಲ್ಲಿ ಆಡಿದ್ದು ಮೂರೇ ಪಂದ್ಯ. ಆಮೇಲೆ ತೈವಾನಿಗೆ ಹೋಗಿ ವರ್ಷಗಟ್ಟಲೆ ಆಡಿದ, ಅಲ್ಲಿಯ ಲೀಗಿನಲ್ಲಿ ದೊಡ್ಡ ಹೆಸರಾದ. ಆ ತೈವಾನಿನ ಕಥೆ ಯಾರೂ ಬರೆಯಲಿಲ್ಲ. ಎಷ್ಟು ಎತ್ತರ ಇದ್ದರೂ ಅಷ್ಟೇ, ಎಷ್ಟು ಗಿಡ್ಡ ಇದ್ದರೂ ಅಷ್ಟೇ, ಅಮೆರಿಕದ ಬಾಗಿಲಿನಿಂದ ಆಚೆ ಬಂದ ಕೂಡಲೇ ನಮ್ಮ ಪೇಪರಿನಿಂದಲೂ ಆಚೆ.

ಜಿಮ್ಮರ್ ಫ್ರೆಡೆಟ್ ಕಥೆ ಇನ್ನೂ ಜೋರು. 2011ರಲ್ಲಿ ಅಮೆರಿಕದ ಕಾಲೇಜುಗಳಲ್ಲೇ ಅತಿ ಹೆಚ್ಚು ಸ್ಕೋರ್ ಮಾಡಿದವನು, ಬ್ರಿಗಂ ಯಂಗ್ ವಿಶ್ವವಿದ್ಯಾಲಯಕ್ಕೆ. ಡ್ರಾಫ್ಟಿನಲ್ಲಿ ಹತ್ತನೆಯವನಾಗಿ ಹೋದ. ಎನ್‌ಬಿಎಯಲ್ಲಿ ಸರಿಹೋಗಲಿಲ್ಲ, ತಂಡದಿಂದ ತಂಡಕ್ಕೆ ಹೋದ, ಬೆಂಚಿನಲ್ಲೇ ಕೂತ. 2016ರಲ್ಲಿ ಶಾಂಘೈ ಶಾರ್ಕ್ಸ್ ಸೇರಿದ, ಚೀನಾದಿಂದ ಎನ್‌ಬಿಎಗೆ ಹೋಗಿ ದೊಡ್ಡ ಹೆಸರಾದ ಯಾವೊ ಮಿಂಗ್ ಬೆಳೆದ ಕ್ಲಬ್ ಅದು. ಅಲ್ಲಿ ಒಂದು ಪಂದ್ಯದಲ್ಲಿ 73 ಪಾಯಿಂಟ್, ಇನ್ನೊಂದರಲ್ಲಿ 75. ಎರಡು ಪಂದ್ಯವನ್ನೂ ತಂಡ ಸೋತಿತು, ಅದು ಬೇರೆ ಮಾತು. ಚೀನಾದ ಜನ ಅವನಿಗೆ 'ಒಂಟಿ ಗುರು' ಅನ್ನುವ ಅರ್ಥದ ಹೆಸರು ಇಟ್ಟರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಒಂದೊಂದು ಕಡೆ ಮೂರು ಜನ ಆಡುವ 3x3 ಬಾಸ್ಕೆಟ್‌ಬಾಲಿನಲ್ಲಿ ಅಮೆರಿಕಕ್ಕೆ ಆಡಿದ. ಇಷ್ಟೆಲ್ಲಾ ಆದ ಮೇಲೂ ಅವನ ಹೆಸರಿನ ಮುಂದೆ ಎಲ್ಲರೂ ಬರೆಯುವ ಪದ ಅದೇ, ವಿಫಲ. ಎನ್‌ಬಿಎಗೆ ವಾಪಸ್ ಹೋಗಿ ಗೆದ್ದವರೂ ಇದ್ದಾರೆ. ಪಿ.ಜೆ. ಟಕ್ಕರ್ 2006ರಲ್ಲಿ ಡ್ರಾಫ್ಟ್ ಆಗಿ, ಒಂದೇ ಸೀಸನ್ನಿನಲ್ಲಿ ಹೊರಬಿದ್ದು, ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ ಸುತ್ತಿ, ಹೈನ್ಸ್ ಬಿಟ್ಟು ಹೋದ ಮರುವರ್ಷ ಅದೇ ಬಾಂಬೆರ್ಗಿಗೆ ಆಡಿ, ಅಲ್ಲಿಂದ ಎನ್‌ಬಿಎಗೆ ಮರಳಿ, 2021ರಲ್ಲಿ ಮಿಲ್ವಾಕಿ ಜೊತೆ ಪ್ರಶಸ್ತಿ ಗೆದ್ದ. ಅವನು ಹೊರಗೆ ಕಳೆದ ಆ ವರ್ಷಗಳು ದಂಡವಾ ಹಾಗಾದರೆ? ಅಲ್ಲೇ ಅಲ್ವಾ ಅವನು ಆಟ ಕಲಿತದ್ದು?

ಹೊರದೇಶದ ಲೀಗು ಅಂದರೆ ಹೂವಿನ ಹಾಸಿಗೆ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಕ್ಲಬ್‌ಗಳಲ್ಲಿ ಸಂಬಳದ ಜೊತೆ ಮನೆ, ಕಾರು ಕೊಡುತ್ತಾರೆ. ಸಣ್ಣ ಕ್ಲಬ್‌ಗಳಲ್ಲಿ ಸಂಬಳ ತಡ ಆಗುತ್ತದೆ, ಕೆಲವು ಸಲ ಬರುವುದೇ ಇಲ್ಲ. ಇಂಥ ಜಗಳ ಎಷ್ಟು ಜಾಸ್ತಿ ಅಂದರೆ, ಅದನ್ನು ಬಗೆಹರಿಸಲೆಂದೇ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ 2007ರಲ್ಲಿ ಒಂದು ಪಂಚಾಯ್ತಿ ಮಂಡಳಿ ಶುರು ಮಾಡಬೇಕಾಯಿತು. ಮೇಲಾಗಿ ಒಂದು ತಂಡದಲ್ಲಿ ಇಷ್ಟೇ ವಿದೇಶಿಯರು ಅಂತ ಬಹಳ ಲೀಗುಗಳಲ್ಲಿ ಮಿತಿ ಇರುತ್ತದೆ. ಎರಡು ವಾರ ಸರಿಯಾಗಿ ಆಡದಿದ್ದರೆ ನಿನ್ನ ಜಾಗಕ್ಕೆ ಇನ್ನೊಬ್ಬ ವಿಮಾನ ಹತ್ತಿರುತ್ತಾನೆ. ಇಷ್ಟರ ಮಧ್ಯೆ 16 ವರ್ಷ ಒಬ್ಬ ಆಟಗಾರನನ್ನು ಕ್ಲಬ್‌ಗಳು ಬೇಕು ಬೇಕು ಅಂತ ಕರೆದವು ಅಂದರೆ ಅದಕ್ಕೆ ಯಾವ ಹೆಸರು ಕೊಡಬೇಕೋ ಕೊಡಿ, ವಿಫಲ ಅಂತ ಮಾತ್ರ ಬೇಡ.

ಹೆಣ್ಣುಮಕ್ಕಳ ವಿಷಯ ಒಂದು ಸಾಲಾದರೂ ಹೇಳಲೇಬೇಕು. ಅಮೆರಿಕದ ಅತಿ ದೊಡ್ಡ ಆಟಗಾರ್ತಿಯರೇ ಎಷ್ಟೋ ವರ್ಷ ಚಳಿಗಾಲದಲ್ಲಿ ರಷ್ಯಾ, ಟರ್ಕಿಗೆ ಹೋಗಿ ಆಡುತ್ತಿದ್ದರು, ಏಕೆಂದರೆ ದುಡ್ಡು ಇದ್ದದ್ದು ಅಲ್ಲಿ. ಡಯಾನಾ ಟೌರಾಸಿ 2015ರಲ್ಲಿ ತನ್ನ ದೇಶದ ಲೀಗನ್ನೇ ಒಂದು ಸೀಸನ್ ಬಿಟ್ಟರು, ರಷ್ಯಾದ ಕ್ಲಬ್ ವಿಶ್ರಾಂತಿಗೆಂದೇ ಆ ಲೀಗಿನ ಸಂಬಳಕ್ಕಿಂತ ಜಾಸ್ತಿ ದುಡ್ಡು ಕೊಟ್ಟಿತು. ನಮ್ಮವರಲ್ಲಿ ಕೇರಳದ ಗೀತು ಅನ್ನಾ ಜೋಸ್ ಇದ್ದಾರೆ. 2006ರಲ್ಲಿ ಮೆಲ್ಬರ್ನಿನ ರಿಂಗ್‌ವುಡ್ ಹಾಕ್ಸ್ ತಂಡಕ್ಕೆ ಆಡಲು ಹೋದರು, 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ತಂಡಗಳು ಅವರನ್ನು ಟ್ರಯಲ್ಸಿಗೆ ಕರೆದವು. ಆಯ್ಕೆ ಆಗಲಿಲ್ಲ. ಆದರೆ ರೈಲ್ವೇಸ್ ಕೆಲಸದಲ್ಲಿದ್ದ ಒಬ್ಬ ಹೆಣ್ಣುಮಗಳು ಅಲ್ಲಿಯವರೆಗೆ ಹೋದ ದಾರಿಯನ್ನು ಒಂದು ಪುಟ ತುಂಬಾ ಬರೆಯಬಹುದಿತ್ತು.

ನಮ್ಮ ರಾಜ್ಯದಲ್ಲಿ ಬಾಸ್ಕೆಟ್‌ಬಾಲ್ ಇಲ್ಲ ಅಂತಲ್ಲ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು, ಎರಡನೇ ದರ್ಜೆಯ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿತು. ಆವತ್ತು ನಾನು ಹಾಸನದಿಂದ ಹೋಗಬೇಕು ಅಂದುಕೊಂಡು ಹೋಗಲಾಗದೆ ಮನೆಯಲ್ಲಿ ಕೂತು ಅತ್ತಿದ್ದೆ, ಖುಷಿಗೆ. ಆದರೆ ನಮ್ಮ ಮಕ್ಕಳಿಗೆ ಮುಂದೆ ಏನು? ಇಲ್ಲಿ ಲೀಗುಗಳು ಬಂದವು, ನಿಂತವು, ಮತ್ತೆ ಹೊಸದು ಬಂದವು. ಬಹಳ ಜನರಿಗೆ ಆಟ ಅಂದರೆ ಕೊನೆಗೆ ರೈಲ್ವೇಸ್, ಬ್ಯಾಂಕ್, ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಕೋಟಾ. ಅದು ಒಳ್ಳೆಯ ಕೆಲಸವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಎನ್‌ಬಿಎ ಮತ್ತು ಕ್ರೀಡಾ ಕೋಟಾ, ಇವೆರಡರ ನಡುವೆ ದೊಡ್ಡ ಜಗತ್ತೇ ಇದೆ ಅಂತ ಒಂದು ಮಗುವಿಗೆ ಗೊತ್ತಾಗುವುದು ಹೇಗೆ? ಆ ಜಗತ್ತಿನಲ್ಲಿ ಇರುವವರನ್ನೆಲ್ಲಾ ನಾವು ಸೋತವರು ಅಂತ ಬರೆದುಬಿಟ್ಟರೆ?

ನಾನು ಕೇಳುವುದು ಜಾಸ್ತಿ ಅಲ್ಲ. ಕ್ರಿಕೆಟ್ ಕಡಿಮೆ ಮಾಡಿ ಅಂತಲೂ ಹೇಳುತ್ತಿಲ್ಲ, ನಾನೂ ನೋಡುತ್ತೇನೆ. ಹೊರಗೆ ಆಡುವ ಒಬ್ಬ ಆಟಗಾರನ ಬಗ್ಗೆ ಬರೆಯುವಾಗ ಅವನು ಎಲ್ಲಿ ಆಡಲಿಲ್ಲ ಅನ್ನುವುದರ ಬದಲು ಎಲ್ಲಿ ಆಡುತ್ತಿದ್ದಾನೆ, ಹೇಗೆ ಆಡುತ್ತಿದ್ದಾನೆ ಅಂತ ಬರೆಯಿರಿ. ಫೈನಲ್ ಫೋರ್ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಇರುತ್ತದೆ. ಶುಕ್ರವಾರ ಎರಡು ಸೆಮಿಫೈನಲ್, ಭಾನುವಾರ ಫೈನಲ್. ನಮ್ಮ ಸಮಯಕ್ಕೆ ಮುಗಿಯುವಾಗ ತುಂಬಾ ತಡ ಆಗಿರುತ್ತದೆ, ಮರುದಿನದ ಪೇಪರಿಗೆ ಸಿಗಲಿಕ್ಕಿಲ್ಲ, ಮಂಗಳವಾರ ಹಾಕಿದರೂ ಸಾಕು. ಸ್ಕೋರು, ಯಾರು ಎಷ್ಟು ರಿಬೌಂಡ್ ಹಿಡಿದರು, ಒಂದು ಫೋಟೊ.

ನನ್ನ ತಮ್ಮನ ಮಗಳು ಆ ಐದು ಸಾಲಿನ ಸುದ್ದಿಯನ್ನು ಕೊನೆಗೆ ಅಂಟಿಸಿದಳು. 'ವಿಫಲನಾದ' ಅನ್ನುವ ಎರಡು ಕಡೆ ಪೆನ್ನಿನಿಂದ ಗೀಟು ಹಾಕಿ ಅಂಟಿಸಿದಳು. ಅದರ ಪಕ್ಕದ ಪುಟದ ಮೇಲೆ 'ಕೈಲ್ ಹೈನ್ಸ್' ಅಂತ ದಪ್ಪಕ್ಷರದಲ್ಲಿ ಬರೆದು ಖಾಲಿ ಬಿಟ್ಟಿದ್ದಾಳೆ. ಅಲ್ಲಿ ಅಂಟಿಸಲು ಕನ್ನಡದಲ್ಲಿ ಇನ್ನೂ ಏನೂ ಸಿಕ್ಕಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ,
ಹಾಸನ